ಕಪ್ಪು ಗೋಡೆಯ ಮೇಲೆ ಎಂಟು ಸಾಲು

ನಾನು ಯಾರ ಪದ್ಯವನ್ನೂ ತಿದ್ದಿಕೊಡುವುದಿಲ್ಲ. ಈಗ ಹೊಸದುರ್ಗದಲ್ಲಿ ನೆಲೆ ನಿಂತಿರುವ ನನಗೆ ಹೊಳಲ್ಕೆರೆಯಿಂದ, ಹಿರಿಯೂರಿನಿಂದ, ಚಿತ್ರದುರ್ಗದ ಹಾಸ್ಟೆಲುಗಳಿಂದ ಹುಡುಗ ಹುಡುಗಿಯರು ಫೋನಿಗೆ ಪದ್ಯ ಕಳಿಸುತ್ತಾರೆ. ‘ಮೇಡಂ, ಸ್ವಲ್ಪ ತಿದ್ದಿ ಕಳಿಸಿ’ ಎಂದು ಕೆಳಗೆ ಬರೆದಿರುತ್ತಾರೆ. ನಾನು ಎರಡು ಸಲ ಓದುತ್ತೇನೆ. ಯಾವ ಸಾಲು ಹಿಡಿಸಿತು, ಯಾವುದನ್ನು ನಂಬಲಾಗಲಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಆದರೆ ಅವರ ಪದ ತೆಗೆದು ಆ ಜಾಗದಲ್ಲಿ ನನ್ನ ಪದ ಇಡುವುದಿಲ್ಲ. ಕೆಲವರಿಗೆ ಇದು ಸೊಕ್ಕು ಅನ್ನಿಸಿದೆ, ಒಬ್ಬಿಬ್ಬರು ನನ್ನೆದುರಿಗೇ ಅಂದಿದ್ದಾರೆ. ಅನ್ನಲಿ. ಈ ಸೊಕ್ಕು ನನಗೆ ಬಂದದ್ದು ಬಬ್ಬೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ಎಂಟನೇ ಕ್ಲಾಸಿನಲ್ಲಿದ್ದಾಗ. ಬಂದದ್ದು ಮತ್ತೆ ಹೋಗಲಿಲ್ಲ, ಹೋಗಗೊಡಲೂ ಇಲ್ಲ.

ಅದು ಬಾಡಿಗೆ ಮನೆ. ಮುಂದೆ ಪಡಸಾಲೆ, ನಡುವೆ ಜೋಳ ರಾಗಿಯ ಚೀಲಗಳಿದ್ದ ಒಂದು ಕತ್ತಲು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ನುಗ್ಗೆಮರ ಮತ್ತು ಬಟ್ಟೆ ಒಗೆಯುವ ಕಲ್ಲು ಇದ್ದ ಹಿತ್ತಲು. ಪಡಸಾಲೆಯ ಒಂದು ಗೋಡೆ ಮಾತ್ರ ಪೂರ್ತಿ ಕಪ್ಪಗಿತ್ತು. ನಮಗಿಂತ ಮೊದಲು ಅಲ್ಲಿದ್ದವರು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರಂತೆ. ಇದ್ದಿಲು ಅರೆದು ಸೊಪ್ಪಿನ ರಸದಲ್ಲಿ ಕಲಸಿ ಗೋಡೆಗೇ ಬಳಿದು ಬೋರ್ಡು ಮಾಡಿಕೊಂಡಿದ್ದರು. ಆ ಗೋಡೆ ಕಂಡರೆ ಅವ್ವನಿಗೆ ಆಗುತ್ತಿರಲಿಲ್ಲ. ಪ್ರತಿ ವರ್ಷ ಯುಗಾದಿಗೆ ಸುಣ್ಣ ಹೊಡೆಯುವಾಗ ಉಳಿದ ಮೂರು ಗೋಡೆ ಬೆಳ್ಳಗೆ ಮಾಡಿ, ಸುಣ್ಣದ ಗಡಿಗೆ ಎತ್ತಿಕೊಂಡು ಅದರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅಪ್ಪ ಎಲ್ಲಿದ್ದರೂ ಓಡಿ ಬರುತ್ತಿದ್ದ.

“ಮನೆ ಅಂದ್ರೆ ಮನೆ ಇದ್ದಂಗೆ ಇರ್ಬೇಕು. ಇದೇನು ಇಸ್ಕೂಲಾ?”

“ಅದೊಂದು ಬಿಡೇ. ಮೂರು ಗೋಡೆ ನಿಂದೇ ಅಲ್ವಾ?”

“ನನ್ನ ಗೋಡೇಲಿ ಏನೂ ಉದುರಲ್ಲ. ನಿಮ್ ಗೋಡೆ ಸೀಮೆಸುಣ್ಣ ಮುದ್ದೆ ಮ್ಯಾಲೆ ಉದುರ್ತೈತೆ.”

ಅಪ್ಪ ಊರಿನ ಪಕ್ಕದ ಕೃಷಿ ಫಾರಂನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವ್ವ ಅದೇ ಫಾರಂಗೆ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಅಪ್ಪ ಸೀಟಿನ ಮೇಲೆ ಕೂತು ಉತ್ತು ಮುಗಿಸಿದ ಹೊಲದಲ್ಲೇ, ಒಂದೆರಡು ತಿಂಗಳ ನಂತರ, ಅವ್ವ ಹತ್ತು ಹೆಂಗಸರ ಸಾಲಿನಲ್ಲಿ ಬಗ್ಗಿಕೊಂಡು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದಳು. ಅಪ್ಪ ಪಿಯುಸಿಯವರೆಗೆ ಓದಿದ್ದ. ಟ್ರ್ಯಾಕ್ಟರಿನ ಸೀಟಿನ ಕೆಳಗೆ, ಸ್ಪ್ಯಾನರುಗಳ ಜೊತೆ, ಬೆನ್ನು ಹರಿದ ಒಂದು ಕನ್ನಡ ನಿಘಂಟು ಇಟ್ಟುಕೊಂಡಿರುತ್ತಿದ್ದ. ಗ್ರೀಸು ಮೆತ್ತಿದ ಬೆರಳಿನಲ್ಲೇ ಪುಟ ತಿರುಗಿಸುತ್ತಿದ್ದುದರಿಂದ ಅದರ ಅಂಚುಗಳೆಲ್ಲ ಕರ್ರಗಾಗಿದ್ದವು. ಜೊತೆಯವರು ‘ಏನಪ್ಪ ಕವಿ’ ಎಂದು ಕರೆದರೆ ನಗುತ್ತಿದ್ದ, ಒಳಗೊಳಗೇ ಹಿಗ್ಗುತ್ತಲೂ ಇದ್ದ. ನನಗೆ ಅಕ್ಷರ ತಿದ್ದಿಸಿದವನು ಅವನೇ. ‘ಳ’ಕಾರದ ಹೊಟ್ಟೆ ಹೇಗೆ ತುಂಬಿಕೊಂಡಿರಬೇಕು, ‘ಕ್ಷ’ ಬರೆಯುವಾಗ ಕೈ ಎಲ್ಲಿ ನಿಲ್ಲಬೇಕು ಎಂದು ನನ್ನ ಬೆರಳು ಹಿಡಿದು ಗೋಡೆಯ ಮೇಲೆ ಎಳೆಯುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿದ್ದುದು ಎಷ್ಟು ನಿಜವೋ, ನನ್ನ ಬರವಣಿಗೆ ಅವನ ಕೈಯಿಂದ ಬಂದದ್ದು ಎನ್ನುವುದೂ ಅಷ್ಟೇ ನಿಜ.

ಅಪ್ಪನಿಗೆ ಎರಡು ಕನ್ನಡ ಇದ್ದವು. ಮಾತಾಡುವಾಗ ‘ಐತೆ’, ಬರೆಯುವಾಗ ‘ಇಹುದು’. ಮದುವೆಗೆ ಮೊದಲು ದುರ್ಗದ ಯಾವುದೋ ಸಭೆಯಲ್ಲಿ ತನ್ನ ಮೊದಲ ಪದ್ಯ ಓದಿದಾಗ, ಕೇಳಿದ ದೊಡ್ಡವರೊಬ್ಬರು ‘ಭಾಷೆ ಹೊಲದಾಗೇ ಬಿಟ್ಟು ಬಾರಪ್ಪಾ’ ಎಂದು ಇವನದೇ ದನಿಯಲ್ಲಿ ಅಣಕಿಸಿದ್ದರಂತೆ. ಸಭೆ ನಕ್ಕಿತಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಬಹಳ ತಡವಾಗಿ. ಮೊದಲೇ ಗೊತ್ತಿದ್ದರೆ ಅವನನ್ನು ಇನ್ನೊಂದು ಕಣ್ಣಿನಲ್ಲಿ ನೋಡುತ್ತಿದ್ದೆನೋ ಏನೋ. ಅಂತೂ ಅಂದಿನಿಂದ ಅವನು ತನ್ನ ಭಾಷೆಯನ್ನು ಹೊಲದಲ್ಲೇ ಬಿಟ್ಟು ಬಂದ. ಅವನ ಪದ್ಯಗಳಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು, ಹುಣ್ಣಿಮೆ ಸುರಿಯುತ್ತಿತ್ತು, ನವಿಲು ಕುಣಿಯುತ್ತಿತ್ತು. ಟ್ರ್ಯಾಕ್ಟರ್ ಒಂದು ಸಲವೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಮೂವರು ಕವಿಗಳು ಸೇರುತ್ತಿದ್ದರು. ಒಬ್ಬ ಅಪ್ಪ. ಇನ್ನೊಬ್ಬರು ಹಿರಿಯೂರಿನಿಂದ ಬರುತ್ತಿದ್ದ ಕನ್ನಡ ಮೇಷ್ಟ್ರು. ಬಿಳಿ ಪಂಚೆ, ತೋಳು ಮಡಚದ ಬಿಳಿ ಅಂಗಿ. ಎರಡು ಪುಸ್ತಕ ಅಚ್ಚಾಗಿದ್ದವು, ಜಿಲ್ಲೆಯಲ್ಲಿ ಎಲ್ಲಿ ಕವಿಗೋಷ್ಠಿ ನಡೆದರೂ ವೇದಿಕೆಯ ಮೇಲೆ ಒಂದು ಕುರ್ಚಿ ಅವರದು. ಮೂರನೆಯವನು ಹನುಮಂತಣ್ಣ, ಬಸ್ ಕಂಡಕ್ಟರ್. ಹೊಸದುರ್ಗದ ರೂಟಿನಲ್ಲಿ ಇರುತ್ತಿದ್ದ, ಟಿಕೆಟ್ ಪುಸ್ತಕದ ರಟ್ಟಿನ ಹಿಂದೆ ಪದ್ಯ ಬರೆಯುತ್ತಿದ್ದ. ಗೋಡೆಯಲ್ಲಿ ಎಂಟು ಸಾಲಿಗಷ್ಟೇ ಜಾಗ ಇದ್ದುದರಿಂದ ಎಂಟು ಸಾಲಿಗಿಂತ ಉದ್ದದ ಪದ್ಯ ತರುವಂತಿರಲಿಲ್ಲ. ನನ್ನ ಅಕ್ಷರ ದುಂಡಗಿದ್ದುದರಿಂದ ಅದನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುವ ಕೆಲಸ ನನ್ನದು. ಇನ್ನೊಂದು ಕಟ್ಟಳೆ ಮೇಷ್ಟ್ರು ಮಾಡಿದ್ದು: ಯಾರ ಪದ್ಯ ಗೋಡೆಯ ಮೇಲಿದೆಯೋ ಅವರು ಎಲ್ಲರೂ ಮಾತು ಮುಗಿಸುವವರೆಗೆ ಬಾಯಿ ಬಿಡಬಾರದು. ಬೇಡದ ಪದವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ ಪದ ಬರೆಯುವುದೂ ನಾನೇ. ಹೀಗೆ ಎರಡು ವರ್ಷ ನಾನು ಆ ಗೋಡೆಯ ಪಕ್ಕ ಒದ್ದೆ ಬಟ್ಟೆ ಹಿಡಿದು ನಿಂತೆ. ಒಂದು ಪದ ಒರೆಸಿದರೆ ಪಕ್ಕದ ಪದ ಹೇಗೆ ಮಂಕಾಗುತ್ತದೆ, ಒಂದು ಸಾಲು ತೆಗೆದರೆ ಉಳಿದ ಏಳು ಹೇಗೆ ಎದ್ದು ಕೂರುತ್ತವೆ ಎಂದು ನೋಡಿದೆ. ಯಾವ ಕಾಲೇಜಿನಲ್ಲೂ ನನಗೆ ಇಷ್ಟು ಕಲಿಯಲು ಸಿಗಲಿಲ್ಲ. ಆ ಕಲಿಕೆಗಾಗಿ ಮೇಷ್ಟ್ರಿಗೆ ನಾನು ಇವತ್ತಿಗೂ ಋಣಿ. ಆದರೆ ಅದಕ್ಕೆ ಮಾತ್ರ.

ಅವ್ವನಿಗೂ ಫಾರಂಗೆ ರಜೆ ಇದ್ದ ಒಂದೇ ದಿನ ಭಾನುವಾರ. ಅವತ್ತು ಅವಳು ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದು, ಮೂರು ಸಲ ಟೀ ಕುದಿಸುತ್ತಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು; ಬಸ್ಸಿನ ಬೋರ್ಡನ್ನು ನಿಧಾನವಾಗಿ ಕೂಡಿಸಿ ಓದುತ್ತಿದ್ದಳು. ತಟ್ಟೆ ತಂದು ಇಟ್ಟು ಹೋಗುವಾಗ ಗೋಡೆಯ ಕಡೆ ಒಮ್ಮೆ ನೋಡುತ್ತಿದ್ದಳು. ಆ ನೋಟವನ್ನು ಗಂಡಸರು ಯಾರೂ ಗಮನಿಸಿದ್ದಿಲ್ಲ.

ಒಂದು ಭಾನುವಾರ ಹನುಮಂತಣ್ಣನ ಸರದಿ. ಅವನು ಬರಿಗೈಯಲ್ಲಿ ಬಂದ. ವಾರವೆಲ್ಲ ಡಬ್ಬಲ್ ಡ್ಯೂಟಿಯಂತೆ, ಒಂದು ಸಾಲೂ ಹುಟ್ಟಲಿಲ್ಲವಂತೆ.

“ಹಾಗಾದರೆ ಇವತ್ತು ಗೋಡೆ ಖಾಲಿ” ಎಂದರು ಮೇಷ್ಟ್ರು.

“ನಂದೊಂದು ಐತೆ” ಎಂದೆ ನಾನು.

ಮೂವರೂ ನಕ್ಕರು. ಕೆಟ್ಟ ನಗೆಯಲ್ಲ, ಮಗು ಮೊದಲ ಸಲ ಚಪ್ಪಲಿ ಹಾಕಿಕೊಂಡು ನಡೆದಾಗ ನಗುತ್ತಾರಲ್ಲ, ಹಾಗೆ. ‘ಬರಿಯಮ್ಮಾ, ಬರಿ’ ಎಂದರು ಮೇಷ್ಟ್ರು. ಅಪ್ಪನ ಮುಖ ಅರಳಿತ್ತು. ಆ ಅರಳಿದ ಮುಖ ನೋಡಿ ನನಗೆ ಒಂದು ಗಳಿಗೆ ಬೇಡ ಅನ್ನಿಸಿತು. ಆದರೂ ಬರೆದೆ.

ಬೆಳಿಗ್ಗೆ ಬಗ್ಗಿದ ನಮ್ಮವ್ವ
ಸಂಜೆಗೆ ನೆಟ್ಟಗಾಗ್ತಾಳೆ
ನಡುವೆ ಎಷ್ಟು ಹುಲ್ಲೈತೆ
ಅಂತ ಯಾರೂ ಕೇಳಲ್ಲ
ಅಪ್ಪನ ಪದ್ಯದಾಗೆ ಹೊಳೆ ಐತೆ
ಹುಣ್ಣಿಮೆ ಐತೆ, ನವಿಲು ಐತೆ
ಹುಡುಕಿದೆ, ಹುಡುಕಿದೆ
ನಮ್ಮವ್ವ ಇಲ್ಲ

ಬರೆದು ತಿರುಗಿದಾಗ ಯಾರೂ ನಗುತ್ತಿರಲಿಲ್ಲ. ಹನುಮಂತಣ್ಣ ತಟ್ಟೆಯಿಂದ ಎತ್ತಿದ್ದ ಬಜ್ಜಿಯನ್ನು ತಟ್ಟೆಗೇ ಇಟ್ಟ. ಕಟ್ಟಳೆಯ ಪ್ರಕಾರ ನಾನು ಇನ್ನು ಬಾಯಿ ಬಿಡುವಂತಿರಲಿಲ್ಲ. ಗೋಡೆಗೆ ಒರಗಿ ನಿಂತೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

“ಆರಂಭ ಚೆನ್ನಾಗಿದೆ. ಮಗುವಿನಲ್ಲಿ ಕಾವ್ಯವಿದೆ. ಆದರೆ ಈ ‘ಐತೆ’ ಪದ್ಯಕ್ಕೆ ಸಲ್ಲದು, ಕಿವಿಗೆ ಚುಚ್ಚುತ್ತದೆ. ‘ಅವ್ವ’ ಎನ್ನುವುದನ್ನು ‘ತಾಯಿ’ ಮಾಡೋಣ. ಆಗ ಒಬ್ಬಳ ಅವ್ವ ಹೋಗಿ ಎಲ್ಲರ ತಾಯಿ ಆಗುತ್ತಾಳೆ. ಬೇಕಾದರೆ ಭೂತಾಯಿಯೇ ಆಗಬಹುದು.”

“ಸಾರ್, ನಂಗೆ ಮಾತ್ರ ಆ ಕೊನೇ ಸಾಲು ಎದೆಗೇ ನಾಟ್ತು” ಎಂದ ಹನುಮಂತಣ್ಣ.

“ಕೊನೆಯ ನಾಲ್ಕು ಸಾಲು ಪದ್ಯವಲ್ಲ ಹನುಮಂತಪ್ಪ, ದೂರು. ದೂರು ಬೇರೆ, ಕಾವ್ಯ ಬೇರೆ.”

“ಅದೂ ಹೌದು ಅನ್ರಿ” ಎಂದು ಹನುಮಂತಣ್ಣ ತಲೆ ತಗ್ಗಿಸಿದ.

ಅಪ್ಪನ ಕಣ್ಣು ಗೋಡೆಯ ಮೇಲೆಯೇ ಇತ್ತು. ಅವನು ಎದ್ದು ಬಂದು, ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ತೆಗೆದುಕೊಂಡ. ಕಿತ್ತುಕೊಂಡ ಎಂದು ಬರೆಯಲಾರೆ, ಮೆಲ್ಲಗೆ ತೆಗೆದುಕೊಂಡ. ಕೆಳಗಿನ ನಾಲ್ಕು ಸಾಲನ್ನು ಬಲಗಡೆಯಿಂದ ಎಡಗಡೆಗೆ ಒರೆಸಿದ. ಆಮೇಲೆ ಇನ್ನೊಂದು ಸಲ ಒರೆಸಿದ, ಗುರುತು ಉಳಿಯದ ಹಾಗೆ.

“ಮನೆ ಮಾತು ಮನೇಲಿರ್ಬೇಕು” ಎಂದ.

ನಾವು ಮನೆಯಲ್ಲೇ ಇದ್ದೆವು. ಅದನ್ನು ಹೇಳಲು ನನಗೆ ಬಾಯಿ ತುರಿಸಿತು. ಆದರೆ ಕಟ್ಟಳೆ ಎಂದರೆ ಕಟ್ಟಳೆ, ಮೇಷ್ಟ್ರ ಮಾತು ಇನ್ನೂ ಮುಗಿದಿರಲಿಲ್ಲ. ಅವರು ಎದ್ದು ನಿಂತು, ಹೊಸ ಸಾಲುಗಳನ್ನು ಹೇಳುತ್ತಾ ಹೋದರು. ಅಪ್ಪ ಬರೆಯುತ್ತಾ ಹೋದ. ಕೊನೆಗೆ ಗೋಡೆಯ ಮೇಲೆ ಮುಂಜಾನೆ ಬಾಗುವ ತಾಯಿಯೊಬ್ಬಳು ಹಸಿರ ನಡುವೆ ನಗುತ್ತಾ ಭೂದೇವಿಯಂತೆ ಕಾಯುತ್ತಾ ನಿಂತಿದ್ದಳು. ಆ ಹೆಂಗಸನ್ನು ನಾನು ನೋಡಿರಲಿಲ್ಲ. ಮೇಷ್ಟ್ರು ಅದನ್ನು ಒಂದು ಹಾಳೆಗೆ ಇಳಿಸಿಕೊಂಡು, ಮಡಚಿ ಜೇಬಿಗೆ ಹಾಕಿ, ‘ಮುಂದಿನ ತಿಂಗಳು ದುರ್ಗದಲ್ಲಿ ಮಕ್ಕಳ ಕವಿಗೋಷ್ಠಿ ಇದೆ, ಇವಳ ಹೆಸರು ಕೊಡುತ್ತೇನೆ’ ಎಂದರು. ಅಪ್ಪ ಕೈ ಮುಗಿದ. ‘ಈಗ ನಿನ್ನ ಅಭಿಪ್ರಾಯ ಹೇಳಬಹುದು ಚಂದ್ರಕಲಾ’ ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು.

“ಇದು ನಂದಲ್ಲ ಸಾರ್” ಎಂದೆ.

ಮೇಷ್ಟ್ರು ಪ್ರೀತಿಯಿಂದ ನನ್ನ ತಲೆ ಸವರಿದರು.

ಆ ಮಧ್ಯಾಹ್ನ ಹಿತ್ತಲಲ್ಲಿ ಅವ್ವ ಪಾತ್ರೆ ತಿಕ್ಕುತ್ತಿದ್ದಳು. ನಾನು ತೊಳೆದು ಬುಟ್ಟಿಗೆ ಹಾಕುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು.

“ಮೊದ್ಲು ಏನು ಬರ್ದಿದ್ದೆ? ನಾನು ಟೀ ತರೋದ್ರೊಳಗೆ ನಿಮ್ಮಪ್ಪ ಒರೆಸ್ತಿದ್ದ.”

ಹೇಳಿದೆ. ಎಂಟು ಸಾಲೂ ಹೇಳಿದೆ, ಕೊನೆಯ ಎರಡನ್ನು ಸ್ವಲ್ಪ ಮೆತ್ತಗೆ. ಹೊಗಳುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದೆ. ಅವ್ವ ತಿಕ್ಕುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು, ಬೂದಿಯ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು.

“ಹುಲ್ಲು ಅಂತ ಯಾಕೆ ಬರ್ದೆ?”

“ಯಾಕೆ? ಕೀಳ್ತೀಯಲ್ಲ.”

“ಹುಲ್ಲು ದನ ತಿಂತವೆ. ಹುಲ್ಲಾಗಿದ್ರೆ ಹೊರೆ ಕಟ್ಟಿ ಮನೀಗೆ ತರ್ತಿದ್ದೆ. ನಾವು ಕೀಳೋದು ಜೇಕು. ಮ್ಯಾಲೆ ಎಷ್ಟು ಕಿತ್ರೂ ಗಡ್ಡೆ ಒಳಗೇ ಇರ್ತೈತೆ, ವಾರಕ್ಕೆ ಮತ್ತೆ ತಲೆ ಎತ್ತುತ್ತೆ. ಹುಲ್ಲು ಅಂದ್ಬಿಟ್ರೆ ಆ ಕಷ್ಟ ಎಲ್ಲಿ ಬಂತು?”

ನಾನು ತೊಳೆದ ತಟ್ಟೆಯನ್ನು ಬುಟ್ಟಿಗೆ ಹಾಕಿದೆ.

“ಮತ್ತೆ, ಸಂಜೆಗೆ ನೆಟ್ಟಗಾಗ್ತಾಳೆ ಅಂದ್ಯಲ್ಲ, ಯಾರು ಹೇಳಿದ್ರು ನಿಂಗೆ? ಸಂಜೆಗೂ ನೆಟ್ಟಗಾಗಲ್ಲ ನಾನು. ಮನೀಗೆ ಬಂದು ಒಲೆ ಮುಂದೆ ಬಗ್ತೀನಿ. ಕಣ್ಣು ಬಿಟ್ಟು ನೋಡಿ ಬರಿ.”

ಅಷ್ಟು ಹೊತ್ತು ಮೂವರು ಕವಿಗಳು ನನ್ನ ಪದ್ಯದ ಮೇಲೆ ಮಾತಾಡಿದ್ದರು. ಅದರಲ್ಲಿ ತಪ್ಪು ಎಲ್ಲಿದೆ ಎಂದು ಕಂಡದ್ದು ಅವ್ವನಿಗೆ. ಅವರು ಕೇಳಿದ್ದು ಪದ್ಯ ಸುಂದರವಾಗಿದೆಯೇ ಎಂದು, ಇವಳು ಕೇಳಿದ್ದು ನಿಜವೇ ಎಂದು. ಆ ಹಿತ್ತಲಲ್ಲಿ, ಬೂದಿ ನೀರು ಕಾಲಿಗೆ ಹರಿಯುತ್ತಿರುವಾಗ, ಯಾರ ಮಾತು ತೆಗೆದುಕೊಳ್ಳಬೇಕು, ಯಾರದನ್ನು ಬಿಡಬೇಕು ಎನ್ನುವುದು ನನಗೆ ಒಂದೇ ಸಲಕ್ಕೆ ಗೊತ್ತಾಯಿತು.

“ಕೊನೇ ಸಾಲು?” ಎಂದು ಕೇಳಿದೆ.

ಅವ್ವ ಪಾತ್ರೆ ಮತ್ತೆ ಕೈಗೆತ್ತಿಕೊಂಡಳು.

“ನನ್ನ ಹೆಸ್ರು ಹೇಳ್ಕಂಡು ನಿಮ್ಮಪ್ಪನ್ನ ಬೈಬ್ಯಾಡ. ಬೈಯೋದಿದ್ರೆ ನಾನೇ ಬೈತೀನಿ, ನಂಗೇನು ಬಾಯಿಲ್ವಾ?” ಸ್ವಲ್ಪ ತಿಕ್ಕಿದ ಮೇಲೆ ಹೇಳಿದಳು: “ಆದ್ರೆ ಅದು ನಿಜ. ನಿಜ ಇರ್ಲಿ.”

ಕವಿಗೋಷ್ಠಿಯ ದಿನ ಅವ್ವ ಫಾರಂಗೆ ಹೋಗಲಿಲ್ಲ. ನಾನೂ ಬರ್ತೀನಿ ಎಂದು ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತಾಗ ಅಪ್ಪ ಆಶ್ಚರ್ಯಪಟ್ಟ, ಬೇಡ ಎನ್ನಲಿಲ್ಲ. ಮೂವರೂ ಹಿರಿಯೂರಿಗೆ ಬಂದು ದುರ್ಗದ ಬಸ್ ಹತ್ತಿದೆವು. ಅಪ್ಪನ ಕೈಚೀಲದಲ್ಲಿ ಅವನ ಪದ್ಯಗಳ ದಪ್ಪ ನೋಟುಬುಕ್ಕು ಇತ್ತು. ಅದಕ್ಕೆ ಮುನ್ನುಡಿ ಬರೆದು, ದುರ್ಗದಲ್ಲಿ ಅಚ್ಚು ಹಾಕುವವರಿಗೆ ತಾವೇ ಹೇಳುವುದಾಗಿ ಮೇಷ್ಟ್ರು ಮಾತು ಕೊಟ್ಟಿದ್ದರು. ಅವತ್ತು ಅದನ್ನು ಅವರ ಕೈಗೆ ಒಪ್ಪಿಸುವುದಿತ್ತು. ಅಪ್ಪ ದಾರಿಯುದ್ದಕ್ಕೂ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತದೆ, ಆದರೆ ಗೊತ್ತಿತ್ತು.

ಅದು ಒಂದು ಕಾಲೇಜಿನ ಸಭಾಂಗಣ. ಕಿಟಕಿಯಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ಅಧ್ಯಕ್ಷತೆ ಮೇಷ್ಟ್ರದ್ದೇ. ಮಕ್ಕಳ ಪದ್ಯಗಳನ್ನೆಲ್ಲ ಸೇರಿಸಿ ಒಂದು ತೆಳು ಪುಸ್ತಕ ಅಚ್ಚು ಮಾಡಿಸಿ ಎಲ್ಲರಿಗೂ ಹಂಚಿದ್ದರು. ನನ್ನ ಹೆಸರಿನ ಕೆಳಗೆ ಆ ನಗುವ ಭೂತಾಯಿ ಇದ್ದಳು. ಹೊಳಲ್ಕೆರೆಯ ಒಬ್ಬ ಹುಡುಗ ಓದಿದ, ಹೊಸದುರ್ಗದ ಒಬ್ಬಳು ಓದಿದಳು, ಆಮೇಲೆ ನನ್ನ ಹೆಸರು ಕರೆದರು. ಮೈಕು ನನ್ನ ಹಣೆಯ ಮಟ್ಟಕ್ಕಿತ್ತು. ಯಾರೋ ಬಂದು ಬಗ್ಗಿಸಿದರು. ಮುಂದಿನ ಸಾಲಿನಲ್ಲಿ ಅಪ್ಪ, ಹಿಂದೆ ಬಾಗಿಲ ಹತ್ತಿರ ಹಸಿರು ಸೀರೆಯ ಅವ್ವ. ನಾನು ಪುಸ್ತಕವನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ.

ಬೆಳಿಗ್ಗೆ ಬಗ್ಗಿದ ನಮ್ಮವ್ವ
ಸಂಜೆಗೂ ನೆಟ್ಟಗಾಗಲ್ಲ
ಕಿತ್ತಷ್ಟೂ ಜೇಕು ಬರ್ತೈತೆ
ಗಡ್ಡೆ ಒಳಗೇ ಐತೆ
ಅಪ್ಪನ ಪದ್ಯದಾಗೆ ಹೊಳೆ ಐತೆ
ಹುಣ್ಣಿಮೆ ಐತೆ, ನವಿಲು ಐತೆ
ಹುಡುಕಿದೆ, ಹುಡುಕಿದೆ
ನಮ್ಮವ್ವ ಇಲ್ಲ

ಸಭೆಯಲ್ಲಿ ಪುಸ್ತಕದ ಹಾಳೆ ತಿರುವಿ ಹಾಕುವ ಸದ್ದು. ಎಲ್ಲರೂ ಅಚ್ಚಾದದ್ದನ್ನು ಹುಡುಕುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೆಲವು ಹೆಂಗಸರು, ಮಕ್ಕಳ ಜೊತೆ ಬಂದ ತಾಯಂದಿರು, ಚಪ್ಪಾಳೆ ತಟ್ಟಿದರು. ಮುಂದಿನವರು ಮೇಷ್ಟ್ರ ಮುಖ ನೋಡಿದರು. ನಾನು ವೇದಿಕೆ ಇಳಿಯುವಷ್ಟರಲ್ಲಿ ಮೇಷ್ಟ್ರು ಮೈಕು ತಮ್ಮ ಕಡೆ ಎಳೆದುಕೊಂಡು ನಕ್ಕರು.

“ಮಗು ಗಾಬರಿಯಲ್ಲಿ ಹಳೆಯ ಕರಡನ್ನು ಓದಿಬಿಟ್ಟಿತು. ನಿಜವಾದ ಪದ್ಯ ನಿಮ್ಮ ಕೈಯಲ್ಲಿದೆ, ದಯವಿಟ್ಟು ಅದನ್ನು ಓದಿಕೊಳ್ಳಿ.”

ನನ್ನ ಕಾಲು ಮೆಟ್ಟಿಲ ಮೇಲಿತ್ತು. ಅಲ್ಲಿಂದ ಕೆಳಗಿಳಿದು ಹೋಗಿಬಿಟ್ಟಿದ್ದರೆ ಎಲ್ಲವೂ ಅಷ್ಟಕ್ಕೇ ಮುಗಿಯುತ್ತಿತ್ತು. ಎಲ್ಲರೂ ಸೇರಿ ನನ್ನನ್ನು ಮನ್ನಿಸುತ್ತಿದ್ದರು. ನಾನು ಹಿಂದಕ್ಕೆ ಹತ್ತಿದೆ. ಮೈಕು ಇಲ್ಲದೆಯೇ, ಗಂಟಲು ಬಿಟ್ಟು ಹೇಳಿದೆ.

“ಗಾಬರಿ ಏನಿಲ್ಲ ಸಾರ್. ಓದಿದ್ದೇ ನಂದು. ಅಚ್ಚಾಗಿರೋದು ನಿಮ್ದು.”

ಯಾರೋ ನಕ್ಕರು. ಮೇಷ್ಟ್ರು ನಗಲಿಲ್ಲ. ಅಪ್ಪ ಎದ್ದು ನಿಂತಿದ್ದ, ಏಕೆ ಎದ್ದೆ ಎಂದು ಅವನಿಗೇ ತಿಳಿಯದವನ ಹಾಗೆ. ಆ ಚೀಲ ಅವನ ಕೈಯಲ್ಲೇ ಇತ್ತು. ಸಭೆ ಮುಗಿದ ಮೇಲೆ ಅವನು ಮೇಷ್ಟ್ರ ಹತ್ತಿರ ಹೋಗಿ, ತಲೆ ತಗ್ಗಿಸಿ, ನೋಟುಬುಕ್ಕು ಕೊಟ್ಟದ್ದನ್ನು ದೂರದಿಂದ ನೋಡಿದೆ. ಮೇಷ್ಟ್ರು ತೆಗೆದುಕೊಂಡರು, ಮಾತಾಡಲಿಲ್ಲ. ಬಸ್ಸಿನಲ್ಲಿ ಅಪ್ಪ ಡ್ರೈವರ್ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತ. ಅವ್ವ ನನ್ನ ಪಕ್ಕ ಕೂತು, ಹಿರಿಯೂರು ಬರುವವರೆಗೂ ಕಿಟಕಿಯ ಆಚೆ ನೋಡಿದಳು. ಇಳಿಯುವ ಮುಂಚೆ ಒಂದೇ ಮಾತು ಹೇಳಿದಳು.

“ಗಡ್ಡೆ ಅಂದಾಗ ದನಿ ಇನ್ನಷ್ಟು ಗಟ್ಟಿಯಾಗ್ಬೇಕಿತ್ತು.”

ಮುಂದಿನ ಭಾನುವಾರ ಮೇಷ್ಟ್ರು ಬರಲಿಲ್ಲ. ಹನುಮಂತಣ್ಣ ಬಂದ, ಅವರ ಮಾತು ಹೊತ್ತು ತಂದ. ಚಂದ್ರಕಲಾ ಹಿರಿಯೂರಿಗೆ ಬಂದು ತಪ್ಪಾಯಿತು ಎನ್ನಬೇಕು, ಆಮೇಲೆ ಮುನ್ನುಡಿಯ ವಿಚಾರ. ಹನುಮಂತಣ್ಣ ಇದನ್ನು ಹೇಳಿ, ‘ನಂಗೇನೂ ಗೊತ್ತಿಲ್ಲಪ್ಪ, ಹೇಳು ಅಂದ್ರು ಹೇಳ್ದೆ’ ಎಂದು ನೆಲ ನೋಡಿದ. ಅಪ್ಪ ನನ್ನನ್ನು ಕರೆದ. ಅಷ್ಟು ದಿನ ಅವನು ನನಗೆ ಬೈದಿರಲಿಲ್ಲ, ಹೊಡೆದಿರಲಿಲ್ಲ, ಮಾತೂ ಆಡಿರಲಿಲ್ಲ.

“ಲೇ ಚಂದ್ರಿ, ಒಂದು ಮಾತು ಅಂದು ಬಾ. ನಾಲಿಗೆ ಏನು ಸವೆಯಲ್ಲ.”

“ಯಾವ ಸಾಲಿಗೆ ತಪ್ಪಾಯ್ತು ಅನ್ಲಿ ಅಪ್ಪ?”

“ಸಾಲು ಗೀಲು ಅಲ್ವೇ. ದೊಡ್ಡೋರು ಅವ್ರು. ಎದುರಾಡಿದ್ದಕ್ಕೆ.”

“ಅವ್ರು ಸುಳ್ಳು ಹೇಳಿದ್ರು. ಗಾಬರಿ ಅಂದ್ರು. ನಂಗೆ ಗಾಬರಿ ಆಗಿತ್ತಾ? ನೀನೇ ಹೇಳು.”

“ಹದಿನೆಂಟು ವರ್ಷದ ಪದ್ಯ ಕಣೇ ಅವು.” ಅಪ್ಪನ ದನಿ ಒಡೆಯಿತು. “ನಿಂಗೆ ಅರ್ಥ ಆಗಲ್ಲ.”

ನನಗೆ ಅರ್ಥವಾಗಿತ್ತು. ಅದಕ್ಕೇ ಇವತ್ತಿಗೂ ಆ ಮಾತು ಎದೆಯಲ್ಲಿ ಕೂತಿದೆ. ಹೋಗಿ ‘ತಪ್ಪಾಯ್ತು’ ಎಂದಿದ್ದರೆ ಅಪ್ಪನ ಪುಸ್ತಕ ಬರುತ್ತಿತ್ತು, ಅವನು ಅದನ್ನು ಟ್ರ್ಯಾಕ್ಟರಿನವರಿಗೆಲ್ಲ ಹಂಚುತ್ತಿದ್ದ. ನಾನು ಹೋಗಲಿಲ್ಲ. ನಡುಮನೆಯ ಚೀಲಗಳ ಮೇಲೆ ಹತ್ತಿ ಕೂತು, ಹೊತ್ತುಕೊಂಡು ಹೋದರೂ ಬಾಯಿ ಬಿಡಲ್ಲ ಎಂದೆ. ಅಪ್ಪ ಕೈ ಎತ್ತಿದ. ಅವ್ವ ಅಡುಗೆಮನೆಯಿಂದ ಬಂದು ಅವನಿಗೂ ನನಗೂ ನಡುವೆ ನಿಂತಳು. ಅವಳು ಕೂಗಾಡಲಿಲ್ಲ.

“ಅವಳ್ನ ಕಳಿಸ್ಬ್ಯಾಡ್ರಿ. ಪದ್ಯದಾಗಿರೋದು ನಾನು. ತಪ್ಪಾಗಿದ್ರೆ ನಂಗಾಗ್ಬೇಕು, ಮೇಷ್ಟ್ರಿಗೆ ಯಾಕೆ ಆಗ್ತೈತೆ?”

ಅಪ್ಪ ಕೈ ಇಳಿಸಿ ಹೊರಗೆ ಹೋದ. ಎರಡು ವಾರಕ್ಕೆ ಹನುಮಂತಣ್ಣ ನೋಟುಬುಕ್ಕನ್ನು ತಂದು ಜಗಲಿಯ ಮೇಲೆ ಇಟ್ಟ. ಮುನ್ನುಡಿ ಇರಲಿಲ್ಲ. ಒಳಗೆ ಪುಟಪುಟಕ್ಕೂ ಕೆಂಪು ಶಾಯಿ ಇತ್ತು. ಅಪ್ಪ ಒಂದೊಂದೇ ಹಾಳೆ ತಿರುಗಿಸಿ ನೋಡಿದ. ಮೇಷ್ಟ್ರ ಮಾತಿನಂತೆ ಇಷ್ಟು ವರ್ಷ ತಿದ್ದಿಕೊಂಡು ಬಂದಿದ್ದ ಪದಗಳನ್ನೇ ಈಗ ಮೇಷ್ಟ್ರು ಹೊಡೆದು ಹಾಕಿದ್ದರು. ‘ಇದು ಅವ್ರೇ ಕೊಟ್ಟ ಪದ’ ಎಂದ ಒಂದು ಕಡೆ ಬೆರಳಿಟ್ಟು, ಯಾರಿಗೂ ಅಲ್ಲದ ಹಾಗೆ. ಇನ್ನೊಂದು ಪುಟದಲ್ಲೂ ಅದೇ ಮಾತು ಹೇಳಿದ. ಆಮೇಲೆ ನೋಟುಬುಕ್ಕನ್ನು ಅಟ್ಟಕ್ಕೆ ಹಾಕಿದ. ಭಾನುವಾರಗಳು ನಿಂತವು. ಗೋಡೆ ಖಾಲಿ ಬಿದ್ದಿತು. ಮನೆ ಎಷ್ಟು ಸುಮ್ಮನಾಯಿತೆಂದರೆ, ಅವ್ವನೇ ಒಂದು ಭಾನುವಾರ ಯಾರೂ ಕೇಳದಿದ್ದರೂ ಬಜ್ಜಿ ಕರಿದು, ತಟ್ಟೆ ತಂದು ಪಡಸಾಲೆಯಲ್ಲಿ ಇಟ್ಟು ಹೋದಳು. ಅಪ್ಪನೂ ನಾನೂ ಮಾತಿಲ್ಲದೆ ತಿಂದೆವು.

ಇದಾಗಿ ಒಂದು ವರ್ಷದ ಮೇಲಾಗಿತ್ತು. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತ. ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ, ಮತ್ತೆ ಒಳಗೆ ಇಟ್ಟುಕೊಂಡ, ಮತ್ತೆ ತೆಗೆದ.

“ನಾಲ್ಕೇ ಸಾಲು ಐತೆ. ಕೇಳ್ತೀಯಾ?”

“ಹೇಳು.”

ಓದಿದ. ಉಳುಮೆಯ ಮೇಲಿನ ಪದ್ಯ. ಮೊದಲ ಸಾಲಿನಲ್ಲಿ ಟ್ರ್ಯಾಕ್ಟರ್ ಬಂತು, ಅದರ ಹೊಗೆ ಬಂತು. ನನ್ನ ಕೈ ಜೋಳದ ಮೇಲೆ ನಿಂತಿತು. ಎರಡನೇ ಸಾಲಿನಲ್ಲಿ ಅವ್ವ ಬಂದಳು, ಅವಳ ಬೆವರು ಮಣ್ಣಿಗೆ ಬಿದ್ದು ಮುತ್ತಾಯಿತು. ಓದಿ ಮುಗಿಸಿ ಅಪ್ಪ ನನ್ನ ಮುಖ ನೋಡಿದ. ಆ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ, ಚೆನ್ನಾಗಿದೆ ಎಂದುಬಿಡುವುದು ನನಗೆ ಬಹಳ ಸುಲಭವಾಗಿತ್ತು. ಹಾಗೆಂದರೆ ನಮ್ಮ ನಡುವಿನ ಒಂದು ವರ್ಷ ಅಲ್ಲೇ ಮುಗಿಯುತ್ತಿತ್ತು.

“ಮೊದ್ಲನೇ ಸಾಲು ಚೆನ್ನಾಗೈತೆ ಅಪ್ಪ. ಎರಡನೇದು ಸುಳ್ಳು.”

ಅಪ್ಪ ಚೀಟಿ ನೋಡಿದ.

“ಬೆವರು ಮುತ್ತಾಗಲ್ಲ” ಎಂದೆ.

“ಮತ್ತೇನಾಗುತ್ತೆ?”

“ನಂಗೇನು ಗೊತ್ತು? ನಾನು ಕಳೆ ಕಿತ್ತಿಲ್ಲ, ನೀನೂ ಕಿತ್ತಿಲ್ಲ. ಅವ್ವನ್ನ ಕೇಳು.”

ಅವನು ಸಿಟ್ಟಾಗುತ್ತಾನೆ ಎಂದುಕೊಂಡೆ, ಆಗಲಿ ಎಂದೂ ಅಂದುಕೊಂಡೆ. ಅಪ್ಪ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಆ ಸಾಲಿನ ಮೇಲೆ ಒಂದು ಗೆರೆ ಎಳೆದ, ಎದ್ದು ಚೀಟಿ ಹಿಡಿದುಕೊಂಡು ಹಿತ್ತಲ ಕಡೆ ನಡೆದ. ಅವ್ವ ಅಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಇನ್ನೂ ನಾಲ್ಕೈದು ಸಲ ಕೇಳಿಸಿತು. ಆಮೇಲೆ ನಿಂತಿತು.